ಸಂಶಯ ಸಾಕು

"ಶಿವಲೀಲಾ, ಏಳ. ನಿನ್ನ ಗಂಡ ಬಂದಾನ ನೋಡ."

ಹಾಗಂದವಳು ವೈಶಾಲಿ ಟೀಚರ್. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಸಂಜೆ ಶಾಲೆ ಬಿಡುವ ಹೊತ್ತಿಗೆ ಗುರಲಿಂಗಪ್ಪ ಸ್ಕೂಟರ್ ತಂದು ಗೇಟಿನಲ್ಲಿ ನಿಲ್ಲಿಸಿದರೆ ಯಾರಾದರೂ ಒಬ್ಬರು ಅನ್ನುವ ಮಾತೇ ಅದು. ಒಂದು ದಿನ ವಾಚ್‌ಮನ್ ಅನ್ನುತ್ತಿದ್ದ, ಒಂದು ದಿನ ಮಕ್ಕಳೇ ಅನ್ನುತ್ತಿದ್ದರು.

ಗುರಲಿಂಗಪ್ಪ ಶಿವಲೀಲಾಳ ಸೋದರಮಾವ, ಅವಳ ತಾಯಿ ರಾಚವ್ವನ ತಮ್ಮ. ವಿಜಯಪುರದ ಕಡೆಯ ಜನಕ್ಕೆ ಅಕ್ಕನ ಮಗಳ ಮೇಲೆ ಸೋದರಮಾವನ ಹಕ್ಕು ಅಂದರೆ ಹಕ್ಕು. ಕೂಸು ತೊಟ್ಟಿಲಲ್ಲಿರುವಾಗಲೇ ಅವನು ಬಂದು ಇಣುಕಿ "ಇಕಿ ನನ್ನಾಕಿ" ಅನ್ನುತ್ತಾನೆ, ನೆರೆದ ಹೆಂಗಸರು ನಗುತ್ತಾರೆ. ಊರು ಬಿಟ್ಟು ಮುಂಬಯಿಗೆ ಬಂದು ಎರಡು ತಲೆಮಾರಾಗಿತ್ತು. ಭಾಷೆ ಅರ್ಧ ಹಿಂದಿಯಾಗಿತ್ತು. ಆ ನಗೆ ಮಾತ್ರ ಗಂಟು ಬಿಚ್ಚದೆ ಹಾಗೇ ಬಂದಿತ್ತು. ಗುರಲಿಂಗಪ್ಪ ತಾನೇ ಗೇಟಿನಲ್ಲಿ ನಿಂತು ಕೂಗುತ್ತಿದ್ದ: "ನನ್ನ ಹೇಂತಿಗೆ ಚಲೋ ಕಲಸ್ರಿ ಟೀಚರ್!" ಎಲ್ಲರೂ ನಗುತ್ತಿದ್ದರು. ವೈಶಾಲಿಯೂ ನಗುತ್ತಿದ್ದಳು.

ಹುಡುಗಿಗೆ ಎಂಟು ವರ್ಷ. ಮೂರನೇ ಇಯತ್ತೆ.

ಆ ದಿನ ಶಿವಲೀಲಾ ಏಳಲಿಲ್ಲ. ಉಳಿದ ಮಕ್ಕಳು ಚೀಲ ಹೊತ್ತು ಹೊರಗೆ ಓಡಿದರು. ವೈಶಾಲಿ ಹಲಗೆ ಒರೆಸಿ ತಿರುಗಿ ನೋಡಿದರೆ ಹುಡುಗಿ ಬೆಂಚಿನ ಕೆಳಗೆ ಕೂತಿದ್ದಳು. ಬೆಂಚಿನ ಕಬ್ಬಿಣದ ಕಾಲನ್ನು ಎರಡೂ ಕೈಯಿಂದ ತಬ್ಬಿ ಹಿಡಿದಿದ್ದಳು. ಅವಳ ಸುತ್ತ ನೆಲ ಒದ್ದೆಯಾಗಿತ್ತು.

ಬಾಗಿಲಲ್ಲಿ ವಿನೋದಿನಿ ಟೀಚರ್ ಹಾದುಹೋಗುತ್ತಿದ್ದರು. ಮಂಗಳೂರಿನ ಕಡೆಯವರು, ಪರ್ಮನೆಂಟು. ನಿವೃತ್ತಿ ಹತ್ತಿರ ಬಂದಿತ್ತು. ಮೂಗಿಗೆ ಸೆರಗು ಹಿಡಿದರು.

"ಅಯ್ಯೋ ದೇವರೇ. ಸಿಪಾಯಿ ಹೋಗಿ ಆಯ್ತು ಮಾರಾಯ್ತಿ. ನೀವೇ ಒಂದು ಬಟ್ಟೆ ಹಾಕಿಬಿಡಿ ವೈಶಾಲಿ. ನಿಮಗೆ ಅದೆಲ್ಲ ಅಭ್ಯಾಸ ಉಂಟಲ್ಲ."

ಅಭ್ಯಾಸ ಇತ್ತು. ವೈಶಾಲಿಯ ಅವ್ವ ಚನ್ನವ್ವ ಇದೇ ಬೈಕುಲ್ಲಾದ ತರಕಾರಿ ಮಾರ್ಕೆಟ್ಟಿನಲ್ಲಿ ಕಸ ಬಳಿಯುತ್ತಿದ್ದಳು. ಕೊಳೆತ ಸೊಪ್ಪು, ಒಡೆದ ಟೊಮೇಟೊ, ಉಗುಳು, ಎಲ್ಲವನ್ನೂ. ಆ ಕಸದಲ್ಲೇ ಮಗಳನ್ನು ಬಿ.ಎ., ಡಿ.ಎಡ್. ಓದಿಸಿದಳು. ಮಗಳು ಈ ಕನ್ನಡ ಶಾಲೆಯಲ್ಲಿ ತಾಸಿನ ಲೆಕ್ಕದ ಟೀಚರ್ ಆದಳು. ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಪಿಂಗಾಣಿ ಕಪ್ಪು ಇತ್ತು. ವೈಶಾಲಿಗೆ ಸ್ಟೀಲ್ ಲೋಟ. ಬೇರೆ ಮಾಡಿ ಇಟ್ಟಿದ್ದೇವೆ ಅಂತ ಯಾರೂ ಅಂದಿರಲಿಲ್ಲ. ಬೇರೆ ಇತ್ತು, ಅಷ್ಟೇ.

ವೈಶಾಲಿ ಬಕೆಟ್ಟು ತಂದಳು. ಸೀರೆ ಎತ್ತಿ ಕಟ್ಟಿ ಮೊಳಕಾಲೂರಿ ನೆಲ ಒರೆಸಿದಳು. ಬೆಂಚಿನ ಕೆಳಗಿನವಳ ಹತ್ತಿರ ಬಂದಾಗ ಬಟ್ಟೆ ಕೆಳಗಿಟ್ಟು ಕೈ ಚಾಚಿದಳು.

"ಬಾ ನನ್ನವ್ವ. ಯಾರೂ ಬಯ್ಯಂಗಿಲ್ಲ."

ಹುಡುಗಿ ಬರಲಿಲ್ಲ. ಫ್ರಾಕಿನ ತೋಳು ಮೇಲೆ ಸರಿದಿತ್ತು. ರಟ್ಟೆಯ ಮೇಲೆ ನೀಲಿಗಟ್ಟಿದ ಗುರುತು. ಒಂದು ಕಡೆ ನಾಲ್ಕು, ಇನ್ನೊಂದು ಕಡೆ ಒಂದು. ದೊಡ್ಡವರ ಕೈ. ವೈಶಾಲಿ ಬೆರಳ ತುದಿಯಿಂದ ಮುಟ್ಟಿದಳು. ಹುಡುಗಿ ಇಡೀ ಮೈ ಕಲ್ಲು ಮಾಡಿಕೊಂಡಳು.

"ನಾ ಇಲ್ಲೇ ಇರ್ತೀನ್ರಿ ಟೀಚರ್. ಕರೀ ಫಳಿ ಒರಸ್ತೀನಿ. ಬಾತ್‌ರೂಮ್ ಭೀ ತೊಳೀತೀನಿ. ಇಲ್ಲೇ ಮಲಕೊಂತೀನಿ."

"ಯಾಕವಾ? ಮನಿಗೆ ಹೋಗಂಗಿಲ್ಲೇನು?"

ಹುಡುಗಿ ಲೆಕ್ಕದ ಪ್ರಶ್ನೆ ಕೇಳುವವಳ ಹಾಗೆ, ನೆಲ ನೋಡುತ್ತ ಕೇಳಿದಳು:

"ಟೀಚರ್, ಮದ್ವಿ ಆಗೂದಕ್ಕಿಂತ ಮೊದಲನೂ ಗಂಡ ಗಂಡನ ಏನ್ರಿ?"

ವೈಶಾಲಿ ಬೆಂಚಿನ ಕೆಳಗೆ ಇನ್ನಷ್ಟು ಬಗ್ಗಿದಳು.

"ಯಾರಂದ್ರು ಹಂಗ?"

"ಮಾವ ಅಂತಾನ. ಗಂಡಗ ಒಲ್ಲೆ ಅನಬಾರ್ದಂತ." ಹುಡುಗಿ ತಲೆ ಎತ್ತಿದಳು. "ನೀವೂ ಅಂದ್ರೆಲ್ರಿ ಈಗ. ಗಂಡ ಬಂದಾನ ಅಂತ."

ವೈಶಾಲಿ ಮುಂದೆ ಏನೂ ಕೇಳಲಿಲ್ಲ. ಕೇಳುವುದು ತನ್ನ ಕೆಲಸವಲ್ಲ ಅಂತ ಅವಳಿಗೆ ಗೊತ್ತಿತ್ತು. ಗಣಪತಿ ಹಬ್ಬಕ್ಕಿಂತ ಮೊದಲು ವಾರ್ಡ್ ಆಫೀಸಿನಲ್ಲಿ ಟೀಚರುಗಳಿಗೆ ಒಂದು ದಿನದ ಟ್ರೇನಿಂಗ್ ಇತ್ತು. ಹೆಚ್ಚಿನವರು ಹಿಂದೆ ಕೂತು ಮೊಬೈಲು ನೋಡುತ್ತಿದ್ದರು. ಮಾತಾಡಲು ಬಂದ ಮರಾಠಿ ಹೆಣ್ಣುಮಗಳು ಮೇಜು ಕುಟ್ಟಿ ಹೇಳಿದ್ದಳು: "ಸಂಶಯ ಪುರೇಸಾ ಆಹೇ." ಸಂಶಯ ಸಾಕು. ಸಾಬೀತು ಮಾಡುವುದು ನಿಮ್ಮ ಕೆಲಸವಲ್ಲ. ಮಗುವನ್ನು ಕೆದಕಿ ಕೆದಕಿ ಕೇಳಬೇಡಿ. ಮನೆಯವರನ್ನು ಕರೆಸಿ ಪಂಚಾಯ್ತಿ ಮಾಡಬೇಡಿ. ಮಕ್ಕಳ ಸಹಾಯವಾಣಿಗೆ ಫೋನ್ ಮಾಡಿ. ಗೊತ್ತಿದ್ದೂ ಸುಮ್ಮನಿದ್ದರೆ ಅದೇ ಗುನ್ಹೆ.

ಹುಡುಗಿಯನ್ನು ಬೆಂಚಿನ ಮೇಲೆ ಕೂರಿಸಿ, "ಇಲ್ಲೇ ಇರು, ಬಂದೆ" ಅಂದು ವೈಶಾಲಿ ಹೆಡ್‌ಮಾಸ್ತರರ ಕೋಣೆಗೆ ಓಡಿದಳು.

ಪೂವಪ್ಪ ಮಾಸ್ತರು ಕೆಟ್ಟವರಲ್ಲ. ಚಿಕ್ಕಂದಿನಲ್ಲಿ ಉಡುಪಿ ಕಡೆಯಿಂದ ಬಂದು ಹೋಟೆಲಿನಲ್ಲಿ ತಟ್ಟೆ ತೊಳೆದು, ರಾತ್ರಿ ಶಾಲೆಯಲ್ಲಿ ಓದಿ ಮೇಲೆ ಬಂದವರು. ದಿನಾ ಬೆಳಿಗ್ಗೆ ತಾವೇ ಬೀಗ ತೆಗೆಯುತ್ತಿದ್ದರು. ಚಾವಿಯ ಗೊಂಚಲನ್ನು ದೇವರ ಫೋಟೋದ ಮುಂದೆ ಇಡುವ ಹಾಗೆ ಮೇಜಿನ ಮೇಲೆ ಇಡುತ್ತಿದ್ದರು. ಎಲ್ಲ ಕೇಳಿದರು. ಕನ್ನಡಕ ತೆಗೆದು ಒರೆಸಿದರು.

"ನೀವು ನೋಡಿದ್ದು ಎಂತ? ಕೈಯ ಮೇಲೆ ಕಲೆ. ಅಲ್ವಾ?"

"ಅಕಿ ಕೇಳಿದ ಮಾತು ಕೇಳ್ರಿ ಸರ್..."

"ಮಕ್ಕಳು ನೂರು ಮಾತು ಹೇಳ್ತವೆ. ನಿಧಾನ ಮಾಡುವ. ಈ ಗುರಲಿಂಗಪ್ಪ ಯಾರು ಅಂತ ನಿಮಗೆ ಗೊತ್ತುಂಟಲ್ಲ?"

ಯಾರಿಗೆ ಗೊತ್ತಿರಲಿಲ್ಲ. ಗುರಲಿಂಗಪ್ಪ ಮಾರ್ಕೆಟ್ಟಿನ ಮುಕಾದಮ. ಬೆಳ್ಳುಳ್ಳಿ, ಉಳ್ಳಾಗಡ್ಡಿಯ ಗಾಳಾಗಳಲ್ಲಿ, ಅಂದರೆ ಮಾರ್ಕೆಟ್ಟಿನ ಮಳಿಗೆಗಳಲ್ಲಿ, ಹಮಾಲರನ್ನೂ, ಸುಲಿಯುವ ಹೆಂಗಸರನ್ನೂ ಕೆಲಸಕ್ಕೆ ಹಚ್ಚುವವನು ಅವನೇ. ಪ್ರತಿ ಮೇ ತಿಂಗಳಲ್ಲಿ ಈ ಶಾಲೆಯ ಟೀಚರುಗಳು ಬಿಸಿಲಲ್ಲಿ ಚಾಳಿಂದ ಚಾಳಿಗೆ ಅಲೆದು, "ಒಂದು ಮಗು ಕೊಡ್ರಿ, ಕನ್ನಡ ಶಾಲೆಗೆ ಹಾಕ್ರಿ" ಅಂತ ಸೆರಗೊಡ್ಡುತ್ತಿದ್ದರು. ಮಕ್ಕಳು ಕಡಿಮೆಯಾದರೆ ತರಗತಿ ಮುಚ್ಚುತ್ತದೆ, ತರಗತಿ ಮುಚ್ಚಿದರೆ ಟೀಚರು ಹೆಚ್ಚುವರಿ. ಹತ್ತು ದಿನ ಅಲೆದರೂ ಎರಡು ಮಕ್ಕಳು ಸಿಗುತ್ತಿರಲಿಲ್ಲ. ಗುರಲಿಂಗಪ್ಪ ಒಂದು ಮುಂಜಾನೆ ತನ್ನ ಕೆಲಸದವರ ಮಕ್ಕಳನ್ನು ಸಾಲಾಗಿ ನಡೆಸಿಕೊಂಡು ಬರುತ್ತಿದ್ದ. ಶಾಲೆಯ ಅರ್ಧಕ್ಕರ್ಧ ಮಕ್ಕಳು ಅವನು ತಂದವು.

"ಅವನು ಕೈ ಬಿಟ್ಟರೆ ಜೂನಿನಲ್ಲಿ ಈ ಬಾಗಿಲಿಗೆ ಬೀಗ," ಅಂದರು ಪೂವಪ್ಪ. "ಅಷ್ಟು ಮಕ್ಕಳು ರಸ್ತೆಗೆ. ಅದೂ ಪಾಪವೇ ಅಲ್ವಾ? ನೀವು ನನಗೆ ಹೇಳಿದಿರಿ. ನಿಮ್ಮ ಡ್ಯೂಟಿ ಮುಗಿಯಿತು. ಇನ್ನು ನಾನುಂಟು, ಟ್ರಸ್ಟಿನವರುಂಟು."

ಕೆಳಗೆ ಸ್ಕೂಟರ್ ಚಾಲೂ ಆದ ಸದ್ದು. ವೈಶಾಲಿ ಕಿಟಕಿಗೆ ಓಡಿದಳು. ವಾಚ್‌ಮನ್ ಹುಡುಗಿಯನ್ನು ಕೈ ಹಿಡಿದು ತಂದು ಕೊಟ್ಟಾಗಿತ್ತು. ಗುರಲಿಂಗಪ್ಪ ಅವಳನ್ನು ಎತ್ತಿ ಮುಂದೆ ನಿಲ್ಲಿಸಿಕೊಂಡ. ಹಸಿ ಫ್ರಾಕು ಕಾಲಿಗೆ ಅಂಟಿತ್ತು. ವಾಚ್‌ಮನ್ ಏನೋ ಅಂದ. ಇಬ್ಬರೂ ನಕ್ಕರು.

ವೈಶಾಲಿ ಮನೆಗೆ ಬಂದಾಗ ಅವಳ ಮಗಳು ನಮಿತಾ ಹೊಸ್ತಿಲಲ್ಲಿ ಕೂತು ಆಡುತ್ತಿದ್ದಳು. ವೈಶಾಲಿಯ ತಮ್ಮ ಸಂತು ಕೆಲಸದಿಂದ ಆಗಷ್ಟೇ ಬಂದಿದ್ದ. ಮಗುವಿನ ಜಡೆ ಮೆಲ್ಲಗೆ ಎಳೆದು ಅಂದ: "ಏನ ಮಾಡಾಕತ್ತಾಳ್ರಿ ನನ್ನ ಹೇಂತಿ?"

"ಇನ್ನೊಮ್ಮೆ ಅಂದ್ರ ಬಾಯಿ ಹರೀತೀನಿ!"

ಸಂತು ಬೆಚ್ಚಿದ. ಪಾಪದ ಹುಡುಗ. ಮುಖ ಸಣ್ಣದಾಯಿತು. "ಅಕ್ಕಾ, ಚ್ಯಾಷ್ಟಿ ಮಾಡ್ದೆ ಬೇ. ಎಲ್ಲಾರೂ ಅಂತಾರ."

"ಎಲ್ಲಾರೂ ಅಂತಾರ, ಅದಕ್ಕ."

ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಚನ್ನವ್ವ ಕೈ ನಿಲ್ಲಿಸಿದಳು. ವೈಶಾಲಿ ಎಲ್ಲ ಹೇಳಿದಳು. ಹೇಳುತ್ತ ಹೇಳುತ್ತ ಅವಳಿಗೆ ತನ್ನ ಸೋದರಮಾವನ ನೆನಪಾಯಿತು. ಅವನು ಏನೂ ಮಾಡಿದವನಲ್ಲ. ಬರುವಾಗ ಭಜಿ ತರುತ್ತಿದ್ದ. ಆದರೆ ಚಿಕ್ಕಂದಿನಲ್ಲಿ ಅವನು ಬಂದ ಎಂದರೆ ಅವಳು ನೀರಿನ ಡ್ರಮ್ಮಿನ ಹಿಂದೆ ಅಡಗುತ್ತಿದ್ದಳು. ಎಲ್ಲರೂ ಹುಡುಕಿ ಎಳೆದು ತಂದು ಅವನ ಮುಂದೆ ನಿಲ್ಲಿಸಿ ನಗುತ್ತಿದ್ದರು.

"ಫೋನ್ ಮಾಡ್ಲೇನು ಅವ್ವಾ?"

ಚನ್ನವ್ವ ರೊಟ್ಟಿ ತಿರುವಿ ಹಾಕಿದಳು. "ಮಾಡಿದ್ರ ನನ್ನ ಗಾಳಾ ಬಿಡಸ್ತಾನ. ಅಂವನ ಮುಕಾದಮ ಅಲ್ಲಿ. ಮಾಡಬ್ಯಾಡ ಅನ್ನಾಕತ್ತಿಲ್ಲ ನಾ. ಗೊತ್ತಿರ್ಲಿ ಅಂತ ಹೇಳ್ದೆ."

ವೈಶಾಲಿ ಫೋನು ಕೈಗೆತ್ತಿಕೊಂಡಳು. ಇಟ್ಟಳು. ಹೆಡ್‌ಮಾಸ್ತರರು ಮಾತಾಡುತ್ತೇನೆ ಅಂದಿದ್ದಾರಲ್ಲ ಅಂತ ತನಗೇ ಹೇಳಿಕೊಂಡಳು. ಅದು ನಂಬಿಕೆಯಲ್ಲ, ಹೆದರಿಕೆ. ಹೆದರಿಕೆಗೆ ಹೊದೆಯಲು ಒಂದು ಹೊದಿಕೆ ಸಿಕ್ಕಿತ್ತು. ಶಿವಲೀಲಾಳಿಗೆ ಆ ಮನೆಯಲ್ಲಿ ಇನ್ನೊಂದು ರಾತ್ರಿ ಹೋಯಿತು.

ಮರುದಿನ ಮಧ್ಯಾಹ್ನ ಸಿಪಾಯಿ ಬಂದು ಆಫೀಸಿಗೆ ಕರೆದ. ಟ್ರಸ್ಟಿನವರು ಬಂದಿರಬೇಕು ಅಂದುಕೊಂಡು ವೈಶಾಲಿ ಹೋದಳು.

ಹೆಡ್‌ಮಾಸ್ತರರ ಎದುರು, ಅತಿಥಿಗಳ ಕುರ್ಚಿಯಲ್ಲಿ, ಗುರಲಿಂಗಪ್ಪ ಕೂತಿದ್ದ. ಬಿಳಿ ಅಂಗಿ, ಹಣೆಯಲ್ಲಿ ವಿಭೂತಿ. ಮೇಜಿನ ಮೇಲೆ ಬಾಳೆಹಣ್ಣಿನ ಗೊನೆ. ಸ್ಟಾಫಿಗೆ ಅಂತ ತಂದದ್ದು. ಕೈಯಲ್ಲಿ ಪಿಂಗಾಣಿ ಕಪ್ಪು. ಕಪಾಟಿಗೆ ಒರಗಿ ವಿನೋದಿನಿ ಟೀಚರ್. ಬಾಗಿಲ ಪಕ್ಕದ ಗೋಡೆಗೆ ಅಂಟಿಕೊಂಡು ರಾಚವ್ವ. ಗಂಡ ಸತ್ತ ಮೇಲೆ ಅವಳು ತಮ್ಮನ ಖೋಲಿಯಲ್ಲೇ ಇದ್ದಳು, ತಮ್ಮ ಹೇಳಿದ ಗಾಳಾದಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಬೆಳಗಿನಿಂದ ಸಂಜೆಯವರೆಗೆ ಸುಲಿದು ಸುಲಿದು ಅವಳ ಬೆರಳ ತುದಿಗಳ ಚರ್ಮ ಎದ್ದು ಕೆಂಪು ಮಾಂಸ ಕಾಣುತ್ತಿತ್ತು. ಕೋಣೆಯ ತುಂಬ ಆ ವಾಸನೆ. ಗುರಲಿಂಗಪ್ಪನ ಮೊಳಕಾಲಿನ ಪಕ್ಕ ಶಿವಲೀಲಾ ನಿಂತಿದ್ದಳು. ಅವಳ ಮಣಿಕಟ್ಟು ಅವನ ಕೈಯಲ್ಲಿತ್ತು.

ಟ್ರೇನಿಂಗಿನಲ್ಲಿ ಯಾವುದನ್ನು ಮಾಡಬೇಡಿ ಅಂದಿದ್ದರೋ ಅದನ್ನೇ ಪೂವಪ್ಪ ಮಾಡಿದ್ದರು.

ವೈಶಾಲಿಗೆ ಕೂರು ಅಂತ ಯಾರೂ ಅನ್ನಲಿಲ್ಲ.

"ಬಾಯಿ ಮುಚ್ಚಿಕೊಂಡು ಮನಸ್ಸಿನಲ್ಲಿ ಇಟ್ಟುಕೊಳ್ಳುವುದಕ್ಕಿಂತ ಎದುರೆದುರು ಮಾತಾಡಿ ಮುಗಿಸುವುದು ಒಳ್ಳೆಯದು," ಅಂದರು ಪೂವಪ್ಪ. "ಮಗಾ, ನಿನ್ನ ಕೈಗೆ ಎಂತ ಆದದ್ದು?"

ಹುಡುಗಿ ಮಾವನ ಮುಖ ನೋಡಿದಳು.

"ಹೇಳವಾ," ಅಂದ ಗುರಲಿಂಗಪ್ಪ. ದನಿ ಬೆಣ್ಣೆ. "ಹೆದರಬ್ಯಾಡ. ಹೇಳು."

"ಬಿದ್ದೆ."

"ಎಲ್ಲಿ?"

"ಮೋರ್ಯಾಗ."

"ನೋಡಿ," ಅಂದರು ಪೂವಪ್ಪ. ಅವರ ಮುಖದಲ್ಲಿ ಭಾರ ಇಳಿದ ನೆಮ್ಮದಿ. "ಬಿದ್ದದ್ದು."

"ಅಂವ ಕೈ ಹಿಡಕೊಂಡ ಕುಂತಾನ. ಅಂವನ ಮುಂದ ಕೇಳಿದ್ರ ಅಕಿ ಮತ್ತೇನ ಹೇಳ್ತಾಳ್ರಿ ಸರ್?"

ಗುರಲಿಂಗಪ್ಪ ಕಪ್ಪು ಕೆಳಗಿಟ್ಟ. ವೈಶಾಲಿಯನ್ನು ಕಾಲಿನಿಂದ ತಲೆಯವರೆಗೆ ನೋಡಿದ.

"ಚನ್ನವ್ವನ ಮಗಳಲ್ಲೇನು ನೀ? ನಿಮ್ಮವ್ವ ನಮ್ಮ ಗಾಳಾದಾಗ ಕಸಾ ಬಳೀತಾಳ. ನೀ ನಮ್ಮ ಮನ್ಯಾಗ ಕಸಾ ಹುಡಕಾಕ ಬಂದಿ." ಯಾರಾದರೂ ನಗುತ್ತಾರೇನೋ ಅಂತ ಸುತ್ತ ನೋಡಿದ. ವಿನೋದಿನಿ ಟೀಚರ ತುಟಿ ಸ್ವಲ್ಪ ಅರಳಿತು. "ಸಾಲಿ ಕಲಸಂದ್ರ ಕಲಸು. ನಮ್ಮ ಹುಡುಗಿ ಮೈ ಮುಟ್ಟಿ ನೋಡಾಕ ನಿನಗ ಯಾರ ಹೇಳಿದ್ರು? ಯಾರು ಯಾರನ್ನ ಮುಟ್ಟಬೇಕು ಅನ್ನೂದು ಮರತಿ ಏನು?"

"ಸಾಕು ಸಾಕು," ಅಂದರು ಪೂವಪ್ಪ. "ಆ ಮಾತೆಲ್ಲ ಬೇಡ."

"ನೀವು ಹೇಳ್ರಿ ಟೀಚರ್," ಗುರಲಿಂಗಪ್ಪ ವಿನೋದಿನಿಯ ಕಡೆ ತಿರುಗಿದ. "ಸೋದರಮಾವ ಅಕ್ಕನ ಮಗಳ ಕೈ ಹಿಡಿದ್ರ ಅದು ಕೇಸಾಗತೈತೇನ್ರಿ? ನಾಳೆ ನಾನ ಲಗ್ನ ಆಗಾಂವ."

"ಅದು ಇವರ ಕಡೆಯ ಪದ್ಧತಿ ಸರ್," ಅಂದರು ವಿನೋದಿನಿ. "ನಮಗೆ ಗೊತ್ತಾಗುವುದಿಲ್ಲ. ವೈಶಾಲಿಗೆ ಗೊತ್ತಿರಬೇಕು, ಅವರದ್ದೂ ಅದೇ ಕಡೆ ಅಲ್ವಾ."

ಲೋಟದ ಲೆಕ್ಕಕ್ಕೆ ವೈಶಾಲಿ ಬೇರೆ. ಈ ಲೆಕ್ಕಕ್ಕೆ ಅವಳೂ ಗುರಲಿಂಗಪ್ಪನೂ ಒಂದೇ ಕಡೆ.

"ರಾಚವ್ವಾ, ನೀ ಹೇಳವಾ," ಅಂದಳು ವೈಶಾಲಿ.

ರಾಚವ್ವ ನೆಲ ನೋಡಿದಳು. ಬೆರಳುಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. "ಮಾವ ಅದಾನ್ರಿ ಟೀಚರ್," ಅಂದಳು. ಅಷ್ಟೇ.

"ಆಯ್ತಲ್ಲ," ಪೂವಪ್ಪ ಎದ್ದು ನಿಂತರು. "ಟೀಚರಿಗೆ ತಪ್ಪು ತಿಳುವಳಿಕೆ. ಮಕ್ಕಳ ಮೇಲಿನ ಪ್ರೀತಿಯಿಂದ ಆದದ್ದು. ವೈಶಾಲಿ, ಒಂದು ‘ಸಾರಿ’ ಕೇಳಿಬಿಡಿ. ಇಲ್ಲಿಗೆ ಮುಗಿಸುವ. ಅವರಿಗೂ ಸಮಾಧಾನ, ನಮಗೂ."

ಗುರಲಿಂಗಪ್ಪ ಕಾಲ ಮೇಲೆ ಕಾಲು ಹಾಕಿ ಕಾದ.

ವೈಶಾಲಿ ನಾಲ್ಕು ಹೆಜ್ಜೆ ಮುಂದೆ ಬಂದಳು. ಗುರಲಿಂಗಪ್ಪನ ಕಾಲಿಗೆ ಬೀಳುತ್ತಾಳೆ ಅಂತಲೇ ಎಲ್ಲರೂ ಅಂದುಕೊಂಡರು. ಅವನೂ ಕಾಲು ಸ್ವಲ್ಪ ಮುಂದೆ ಮಾಡಿದ. ಅವಳು ಹುಡುಗಿಯ ಎದುರು ಕುಕ್ಕರಗಾಲಲ್ಲಿ ಕೂತಳು. ಮುಖಕ್ಕೆ ಮುಖ.

"ಶಿವಲೀಲಾ, ನಿನ್ನಿ ನೀ ಒಂದ್ ಮಾತ್ ಕೇಳಿದ್ದಿ. ನಾ ಉತ್ತರ ಕೊಡ್ಲಿಲ್ಲ. ಈಗ ಕೊಡ್ತೀನಿ. ಇಂವ ನಿನ್ನ ಗಂಡ ಅಲ್ಲ. ಇವತ್ತೂ ಅಲ್ಲ, ನಾಳೆನೂ ಅಲ್ಲ. ನೀ ಒಲ್ಲೆ ಅನಬೌದು. ನಾ ನಿನ್ನಿ ಗಂಡ ಬಂದಾನ ಅಂದ್ನೆಲ್ಲ, ಅದು ಸುಳ್ಳು. ನಂದ ತಪ್ಪು. ಸಾರಿ."

ಹುಡುಗಿ ಕಣ್ಣು ಪಿಳುಕಿಸಲಿಲ್ಲ.

ವೈಶಾಲಿ ಎದ್ದಳು. ಬಾಗಿಲಿಗೆ ಹೋದಳು. ಹೊಸ್ತಿಲಿಗೆ ಅಡ್ಡ ಕೂತಳು. ಬೆನ್ನು ಒಂದು ಚೌಕಟ್ಟಿಗೆ, ಕಾಲು ಇನ್ನೊಂದಕ್ಕೆ. ಫೋನು ತೆಗೆದು ಒಂದು, ಸೊನ್ನೆ, ಒಂಬತ್ತು, ಎಂಟು ಒತ್ತಿದಳು. ಸ್ಪೀಕರ್ ಹಾಕಿದಳು.

"ವೈಶಾಲಿ, ತಲೆ ಕೆಟ್ಟಿದೆಯಾ?" ಪೂವಪ್ಪ ಕೂಗಿದರು. "ಶಾಲೆ ಹೋಗ್ತದೆ! ನಾಳೆಯಿಂದ ನೀವು ಬರುವುದು ಬೇಡ!"

"ಹಲೋ," ಅಂದಿತು ಫೋನು, ಹಿಂದಿಯಲ್ಲಿ. "ಹೇಳಿ."

"ಮೈ ಟೀಚರ್ ಹೂಂ. ಏಕ್ ಬಚ್ಚಿ ಹೈ, ಆಠ್ ಸಾಲ್ ಕೀ." ವೈಶಾಲಿ ಹೆಸರು ಹೇಳಿದಳು, ಶಾಲೆ ಹೇಳಿದಳು, ಯಾರ ಮೇಲೆ ಅಂತ ಹೇಳಿದಳು.

"ಆಪ್‌ನೇ ದೇಖಾ ಹೈ?" ನೀವೇ ಕಣ್ಣಾರೆ ನೋಡಿದ್ದೀರಾ ಅಂತ ಕೇಳಿತು ಫೋನು.

"ನಹೀ. ಶಕ್ ಹೈ. ಸಬೂತ್ ನಹೀ ಹೈ ಮೇರೆ ಪಾಸ್. ಶಕ್ ಹೈ." ಸಾಕ್ಷಿ ಇಲ್ಲ, ಸಂಶಯ ಇದೆ ಅಂದಳು.

"ಶಕ್ ಕಾಫೀ ಹೈ," ಅಂದಿತು ಆ ಕಡೆಯ ದನಿ. ಸಂಶಯ ಸಾಕು. "ಬಚ್ಚೀ ಕೇ ಸಾಥ್ ರಹಿಯೇ. ಹಮ್ ಆ ರಹೇ ಹೈಂ." ಮಗುವಿನ ಜೊತೆಗೇ ಇರಿ, ನಾವು ಬರುತ್ತಿದ್ದೇವೆ.

ಗುರಲಿಂಗಪ್ಪ ಹುಡುಗಿಯನ್ನು ಎಳೆದುಕೊಂಡು ಎದ್ದ. "ಸರೀ ಬಾಗಲಾ ಬಿಟ್ಟು."

"ದಾಟಿ ಹೋಗು."

ಅವನು ನಿಂತ. ಅವಳನ್ನು ಮುಟ್ಟದೆ ಆ ಬಾಗಿಲು ದಾಟಲು ಜಾಗವಿರಲಿಲ್ಲ. ಈಗಷ್ಟೇ ಮುಟ್ಟುವುದರ ಬಗ್ಗೆ ಅಷ್ಟೆಲ್ಲ ಆಡಿದ್ದ. ಅದಕ್ಕೋ, ಫೋನಿನ್ನೂ ಚಾಲೂ ಇತ್ತು ಅದಕ್ಕೋ, ಹಿಂದೆ ಸರಿದ. ತನ್ನ ಫೋನು ತೆಗೆದು ಮಾರ್ಕೆಟ್ಟಿಗೆ ಹಚ್ಚಿದ. "ಆ ಕಸದ ಚನ್ನವ್ವನ್ನ ಹೊರಗ ಹಾಕ್ರಲೇ. ಈಗಿಂದೀಗ." ಇನ್ನೊಂದು ಕಡೆ ಹಚ್ಚಿದ. "ನಾಳಿಂದ ಒಂದ್ ಮಗಾನೂ ಈ ಸಾಲಿಗೆ ಬರಬಾರ್ದು." ಪೂವಪ್ಪ ಕುರ್ಚಿಯಲ್ಲಿ ಕುಸಿದರು.

ಸ್ವಲ್ಪ ಹೊತ್ತಿಗೆ ವೈಶಾಲಿಯ ಫೋನು ಹೊಡೆದುಕೊಂಡಿತು. ಅವ್ವ.

"ಫೋನ್ ಮಾಡಿದಿ ಏನ?"

"ಮಾಡ್ದೆ ಅವ್ವಾ."

"ಗೊತ್ತಾತು ಬಿಡು. ಬುಟ್ಟಿ ಒಗದ್ರು." ಚನ್ನವ್ವ ಉಸಿರೆಳೆದುಕೊಂಡಳು. "ಕಸಬರಿಗಿ ಮಾತ್ರ ಕೊಡ್ಲಿಲ್ಲ ನಾ. ಅದು ನಂದು."

ಶಾಲೆ ಬಿಡುವ ಗಂಟೆ ಬಾರಿಸಿತು. ಮಕ್ಕಳು ಗುಂಪಾಗಿ ಬಂದರು. ಟೀಚರು ಹೊಸ್ತಿಲಲ್ಲಿ ಕೂತದ್ದು ನೋಡಿ ಬೆರಗಾಗಿ ನಿಂತರು. ಎರಡನೇ ಇಯತ್ತೆಯ ಒಬ್ಬ ಅವಳ ತಲೆಯ ಮೇಲಿಂದ ಒಳಗೆ ಇಣುಕಿದ. ಗುರಲಿಂಗಪ್ಪನನ್ನು ಕಂಡು ದಿನದ ಹಾಗೆ ಕೂಗಿದ:

"ಏ ಶಿವಲೀಲಾ, ನಿನ್ನ ಗಂಡ ಬಂದಾನ!"

ಯಾರೂ ನಗಲಿಲ್ಲ. ಹುಡುಗ ಗಲಿಬಿಲಿಯಾದ. ಅವನಿಗೆ ಗೊತ್ತಿದ್ದ ಒಂದೇ ಚ್ಯಾಷ್ಟಿ ಅದು.

"ಯಾವನಲೇ ಗಂಡ?"

ಆ ದನಿ ಯಾರದ್ದು ಅಂತ ಯಾರಿಗೂ ತಟ್ಟನೆ ಗೊತ್ತಾಗಲಿಲ್ಲ. ರಾಚವ್ವ ಗೋಡೆ ಬಿಟ್ಟು ಬಂದಿದ್ದಳು. "ಯಾವಾಂವ ಗಂಡ? ಯಾವಾಂವ ನನ್ನ ಮಗಳ ಗಂಡ?" ಹುಡುಗನಿಗೆ ಹೇಳುತ್ತಿರಲಿಲ್ಲ. ತಮ್ಮನ ಮುಂದೆ ನಿಂತಿದ್ದಳು. ಆ ಸುಲಿದ ಬೆರಳುಗಳಿಂದಲೇ ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು, ಬೆಳ್ಳುಳ್ಳಿಯ ಎಸಳು ಬಿಡಿಸಿದ ಹಾಗೆ. ಮಗಳ ಮಣಿಕಟ್ಟು ಹೊರಗೆ ಬಂತು.

"ಅಕ್ಕಾ," ಅಂದ ಅವನು ಹಲ್ಲು ಕಚ್ಚಿ. "ಇವತ್ತ ಮನಿಗೆ ಬರ್ತೀಯಲ್ಲ?"

ರಾಚವ್ವ ಮಗಳನ್ನು ಕರೆದುಕೊಂಡು ಬಂದು ವೈಶಾಲಿಯ ಪಕ್ಕ ಹೊಸ್ತಿಲಲ್ಲಿ ಕೂತಳು. ವೈಶಾಲಿ ಕಾಲು ಮಡಚಿ ಜಾಗ ಮಾಡಿದಳು. ಮೂರು ಜನ ಕೂತ ಮೇಲೆ ಬಾಗಿಲು ಪೂರ್ತಿ ತುಂಬಿತು.

"ಅವರು ಬರ್ತಾರ," ಅಂದಳು ವೈಶಾಲಿ. "ಇಕಿನ್ನ ದವಾಖಾನಿಗೆ ಕರಕೊಂಡ ಹೋಗ್ತಾರ. ಕೇಳ್ತಾರ. ನೀನೂ ಸಂಗಾಟ ಹೋಗು."

"ಆಮ್ಯಾಲ?" ರಾಚವ್ವ ಕೇಳಿದಳು. "ಖೋಲಿ ಅಂವಂದು. ಕೆಲಸಾ ಅಂವಂದು. ರಾತ್ರಿ ಎಲ್ಲಿ ಮಲಗೂದ್ರಿ ಟೀಚರ್ ನಾವು?"

ಟ್ರೇನಿಂಗಿನಲ್ಲಿ ಅದನ್ನು ಯಾರೂ ಹೇಳಿರಲಿಲ್ಲ. ವೈಶಾಲಿಯ ಮನೆ ಎಂದರೆ ನಾಲ್ಕು ಜನ ಕಾಲು ಚಾಚಿದರೆ ಬಾಗಿಲು ಹಾಕಲು ಬಾರದ ಒಂದು ಖೋಲಿ. ನಾಳೆಯಿಂದ ಅಲ್ಲಿ ದುಡಿಯುವ ಕೈ ಒಂದೇ, ಸಂತುವಿನದು. ಸುಳ್ಳು ಹೇಳಲು ಅವಳಿಗೆ ಮನಸ್ಸಾಗಲಿಲ್ಲ.

"ಗೊತ್ತಿಲ್ಲವಾ," ಅಂದಳು.

ನಡುವೆ ಕೂತ ಶಿವಲೀಲಾ ಅವ್ವನ ಸೆರಗು ಜಗ್ಗಿದಳು. ಬೆಳಗಿನಿಂದ ಯಾರೂ ಕೇಳದೆ ಅವಳು ತಾನಾಗಿ ಆಡಿದ ಮೊದಲ ಮಾತು ಅದು.

"ಇಲ್ಲೇ ಮಲಗೂಣು ಬೇ. ಸಾಲ್ಯಾಗ."

ಪೂವಪ್ಪ ತಲೆ ಎತ್ತಿದರು. ಅವರ ಕಣ್ಣು ಹುಡುಗಿಯ ಮೇಲೆ ನಿಂತಿತು, ಆಮೇಲೆ ಮೇಜಿನ ಮೇಲಿನ ಚಾವಿಯ ಗೊಂಚಲಿನ ಮೇಲೆ.

ವೈಶಾಲಿ ಏಳಲಿಲ್ಲ. ಬಾಗಿಲು ಬಿಡುವ ಹಾಗಿರಲಿಲ್ಲ. ಕೂತಲ್ಲಿಂದಲೇ ಕೈ ಚಾಚಿದಳು.

"ಸರ್," ಅಂದಳು. "ಚಾವಿ ಕೊಡ್ರಿ."